ಮೈಕ್ ಇಲ್ಲ, ಕಟೌಟ್ ಇಲ್ಲ, ಹಾಗಂತ ದುಡ್ಡೇ ಇಲ್ಲ ಅಂದುಕೊಳ್ಳಬೇಡಿ

ಇಂಗ್ಲೆಂಡಿನ ರೆಡಿಂಗಿಗೆ ಬಂದು ನಾಲ್ಕೇ ತಿಂಗಳಾದ ನಿಮ್ಮ ಪ್ರಶ್ನೆ ಓದಿದೆ. ಬಾಗಿಲ ಕಿಂಡಿಯಿಂದ ಕರಪತ್ರ ಬೀಳುವುದು ಬಿಟ್ಟರೆ ಇಲ್ಲಿ ಎಲೆಕ್ಷನ್ ನಡೆಯುತ್ತಿದೆ ಅಂತಲೇ ಗೊತ್ತಾಗುವುದಿಲ್ಲ, ನಿಜವಾಗಿಯೂ ಇಷ್ಟು ಕಡಿಮೆ ಖರ್ಚಾ ಎಂದಿದ್ದೀರಿ. ಜೊತೆಗೆ, ಆಫೀಸಿನವರೊಬ್ಬರು ಕರಪತ್ರ ಹಂಚಲು ಕರೆದು ದೇಣಿಗೆಯನ್ನೂ ಕೇಳಿದ್ದಾರೆ, ವೀಸಾದಲ್ಲಿರುವ ನಾನು ಹೋಗಬಹುದಾ ಎಂದೂ ಕೇಳಿದ್ದೀರಿ.

ಧಾರಾಳ ಹೋಗಿ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ. ಅದಕ್ಕಿಂತ ದೊಡ್ಡ ವಿಷಯ ನಿಮಗೆ ಯಾರೂ ಹೇಳಿದಂತಿಲ್ಲ: ಇಲ್ಲಿ ನಿಮಗೆ ವೋಟೇ ಇದೆ ಮಾರಾಯ್ರೆ! ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಇದ್ದು ಇಲ್ಲಿ ವಾಸವಿರುವ ನಮ್ಮವರು ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೂ ಪಾರ್ಲಿಮೆಂಟಿಗೂ ಮತ ಹಾಕಬಹುದು. ಮತಗಟ್ಟೆಯಲ್ಲಿ ಗುರುತಿಗೆ ನಿಮ್ಮ ಭಾರತೀಯ ಪಾಸ್‌ಪೋರ್ಟ್ ಸಾಕು.

ಈಗ ಖರ್ಚಿಗೆ ಬರೋಣ. ಅಭ್ಯರ್ಥಿಯ ಮಟ್ಟದಲ್ಲಿ ನೀವು ಕಂಡದ್ದು ನಿಜ. 2024ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಮಿತಿ 11,390 ಪೌಂಡ್, ಅದರ ಮೇಲೆ ಮತದಾರನೊಬ್ಬನಿಗೆ ಪೇಟೆಯಲ್ಲಿ 8 ಪೆನ್ಸ್ (ನೂರು ಪೆನ್ಸ್ ಸೇರಿದರೆ ಒಂದು ಪೌಂಡ್), ಹಳ್ಳಿ ಕಡೆ 12 ಪೆನ್ಸ್. 75,000 ಮತದಾರರಿದ್ದರೆ ಒಟ್ಟು ಸುಮಾರು 17ರಿಂದ 20 ಸಾವಿರ ಪೌಂಡ್, ರೂಪಾಯಿಯಲ್ಲಿ ಇಪ್ಪತ್ತು ಲಕ್ಷದ ಆಸುಪಾಸು. ನಮ್ಮಲ್ಲಿ ಎಂಎಲ್‌ಎ ಅಭ್ಯರ್ಥಿಗೇ 40 ಲಕ್ಷ ಇದೆ, ಆ ಅಂಕಿ ಹೇಳಿದರೆ ಊರಲ್ಲಿ ನಗುತ್ತಾರೆ ಅನ್ನುವುದು ಬೇರೆ ಮಾತು. ಇಲ್ಲಿ ಇಷ್ಟರಲ್ಲಿ ಮುಗಿಯಲು ಕಾರಣವಿದೆ. ಟಿವಿಯಲ್ಲಿ ದುಡ್ಡು ಕೊಟ್ಟು ರಾಜಕೀಯ ಜಾಹೀರಾತು ಹಾಕುವಂತಿಲ್ಲ. ಪಾರ್ಲಿಮೆಂಟಿಗೆ ನಿಂತವರ ಒಂದು ಕರಪತ್ರವನ್ನು ಅಂಚೆಯವರು ಪುಕ್ಕಟೆ ಹಂಚುತ್ತಾರೆ. ನಿಮ್ಮಂಥವರ ಬಿಟ್ಟಿ ದುಡಿಮೆಯನ್ನು ಖರ್ಚಿಗೆ ಸೇರಿಸುವುದಿಲ್ಲ. ಅದಕ್ಕೇ ನೋಡಿ, ನಿಮ್ಮನ್ನು ಅಷ್ಟು ಪ್ರೀತಿಯಿಂದ ಕರೆಯುತ್ತಿರುವುದು.

ಆದರೆ ಅಭ್ಯರ್ಥಿಯ ಲೆಕ್ಕದ ಪುಸ್ತಕ ಒಂದು, ಪಕ್ಷದ ಲೆಕ್ಕದ ಪುಸ್ತಕ ಇನ್ನೊಂದು. ಅಭ್ಯರ್ಥಿಗೆ ಮಿತಿ 1883ರಿಂದಲೇ ಇದೆ, ಪಕ್ಷಕ್ಕೆ ಬಂದದ್ದು 2000ದ ಕಾಯಿದೆಯಲ್ಲಿ. ಯಾವ ಬಿಲ್ಲನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ ಅನ್ನುವುದರಲ್ಲೇ ಇರುವುದು ಕೈಚಳಕ. 2015ರಲ್ಲಿ ಸೌತ್ ಥ್ಯಾನೆಟ್ ಕ್ಷೇತ್ರದಲ್ಲಿ ಆಗಿನ ಯುಕಿಪ್ ಪಕ್ಷದ ನಾಯಕ ನೈಜೆಲ್ ಫರಾಜ್ ವಿರುದ್ಧ ಕನ್ಸರ್ವೇಟಿವ್ ಪಕ್ಷದ ಕ್ರೇಗ್ ಮ್ಯಾಕಿನ್ಲೇ ಗೆದ್ದರು. ಕೇಂದ್ರ ಕಚೇರಿಯಿಂದ ಬಂದವರ ಹೋಟೆಲ್ ವಾಸ್ತವ್ಯದಂಥ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬಂದಿಲ್ಲ ಎಂದು ಕೇಸಾಯಿತು. 2019ರಲ್ಲಿ ಮ್ಯಾಕಿನ್ಲೇ ಖುಲಾಸೆಯಾದರು, ಪಕ್ಷದ ಅಧಿಕಾರಿಯೊಬ್ಬರಿಗೆ ಶಿಕ್ಷೆಯಾಯಿತು. ನಡುವೆ 2018ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್, ಅಭ್ಯರ್ಥಿ ಒಪ್ಪಿಗೆ ಕೊಡದಿದ್ದರೂ ಅವನಿಗಾಗಿ ಬಳಕೆಯಾದ ಸವಲತ್ತು ಅವನ ಲೆಕ್ಕಕ್ಕೇ ಸೇರಬೇಕು ಎಂದಿತು. 2022ರ ಕಾಯಿದೆ ಅದನ್ನು ಸಡಿಲ ಮಾಡಿತು: ಅಭ್ಯರ್ಥಿಯ ಕಡೆಯವರು ಹೇಳಿ ಮಾಡಿಸಿದ್ದು, ಒಪ್ಪಿದ್ದು, ಪ್ರೋತ್ಸಾಹಿಸಿದ್ದು ಮಾತ್ರ ಲೆಕ್ಕ.

ಇದೇ ಕಥೆ ನಮ್ಮಲ್ಲಿ 1974ರಲ್ಲೇ ನಡೆದಿದೆ. ಅಭ್ಯರ್ಥಿಗೆ ಗೊತ್ತಿದ್ದೂ ಪಕ್ಷ ಅವನಿಗಾಗಿ ಸುರಿದ ಹಣ ಅವನ ಖರ್ಚೇ ಎಂದು ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲವೇ ವಾರದಲ್ಲಿ ಸುಗ್ರೀವಾಜ್ಞೆ ಬಂದು ಆ ತೀರ್ಪು ನೀರುಪಾಲಾಯಿತು. ಭಾರತದಲ್ಲಿ ಪಕ್ಷಗಳಿಗೆ ಇವತ್ತಿಗೂ ಮಿತಿಯೇ ಇಲ್ಲ.

ಇಲ್ಲಿ ಪಕ್ಷಕ್ಕೆ ಮಿತಿ ಇದೆಯಲ್ಲ ಎಂದು ಸಮಾಧಾನಪಡಬೇಡಿ. 2023ರ ನವೆಂಬರಿನಲ್ಲಿ ಆ ಮಿತಿಯನ್ನು ಕ್ಷೇತ್ರಕ್ಕೆ 30,000 ಪೌಂಡಿನಿಂದ 54,010ಕ್ಕೆ ಏರಿಸಿದರು. ಎಲ್ಲ ಕಡೆ ನಿಂತರೆ ಸುಮಾರು 3.4 ಕೋಟಿ ಪೌಂಡ್. ಎರಡು ದಶಕದ ಬೆಲೆ ಏರಿಕೆ ಅನ್ನುವುದು ಸರ್ಕಾರದ ಸಮಜಾಯಿಷಿ. ಲೆಕ್ಕಕ್ಕೆ ಸರಿ, ಆದರೆ 2019ರಲ್ಲಿ ಹಳೆಯ ಮಿತಿಯನ್ನೇ ಯಾವ ಪಕ್ಷವೂ ಮುಟ್ಟಿರಲಿಲ್ಲ. ಏರಿಸಿದ ಮೇಲೆ 2024ರಲ್ಲಿ ಲೇಬರ್ ಪಕ್ಷ ಸುಮಾರು 3 ಕೋಟಿ ಪೌಂಡ್ ಖರ್ಚು ಮಾಡಿತು. ಜಾಗ ದೊಡ್ಡದಾದರೆ ಸಾಮಾನು ತಾನಾಗಿ ತುಂಬುತ್ತದೆ. ಖರ್ಚಿಗೆ ಮಿತಿ ಇಟ್ಟವರು ಆಗ ದೇಣಿಗೆಗೆ ಮಿತಿಯನ್ನೇ ಇಡಲಿಲ್ಲ. ನನ್ನ ಪ್ರಕಾರ ಮರುಪರಿಶೀಲನೆ ಅಲ್ಲಿಂದ ಶುರುವಾಗಬೇಕಿತ್ತು.

ನಿಮ್ಮ ದೇಣಿಗೆಯ ವಿಷಯ: ಪಕ್ಷಕ್ಕೆ 500 ಪೌಂಡಿನವರೆಗೆ ಕೊಟ್ಟರೆ ಯಾರೂ ನಿಮ್ಮ ಅರ್ಹತೆ ಕೇಳುವುದಿಲ್ಲ. ಮೀರಿದರೆ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅಭ್ಯರ್ಥಿಯ ಕೈಗೇ ಕೊಡುವುದಾದರೆ 50 ಪೌಂಡ್ ದಾಟಿದರೂ ಹಾಗೆಯೇ. ಮನೆ ಬಾಡಿಗೆ, ಊರಿಗೆ ಕಳಿಸುವುದು ಎಲ್ಲ ಇರುವಾಗ ಈಗಲೇ ಕೊಡುವ ದಾಕ್ಷಿಣ್ಯ ಬೇಡ, ಕಾಲ್ನಡಿಗೆಯ ಸೇವೆ ಸಾಕು. ಹಂಚಲು ಹೋಗುವಾಗ ಒಂದು ಮರದ ಸಟ್ಟುಗ ಇಟ್ಟುಕೊಳ್ಳಿ. ಕರಪತ್ರವನ್ನು ಅದರಿಂದಲೇ ಒಳಗೆ ತಳ್ಳಿ, ಕಿಂಡಿಯಾಚೆ ನಾಯಿ ಕಾಯುತ್ತಿರುತ್ತದೆ.