ಮೇಜಿ ಕಾಲದ ಜಪಾನಿನಲ್ಲಿ ಒಬ್ಬ ಜರ್ಮನ್ ವೈದ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಪಾನಿನಲ್ಲಿ ನೆಲೆಸಿದ್ದ ಎರ್ವಿನ್ ಬೆಲ್ಟ್ಸ್ ಎಂಬ ಜರ್ಮನ್ ವೈದ್ಯರ ಹೆಸರನ್ನು ಇತ್ತೀಚೆಗೆ ಓದಿದೆ. ಜಪಾನೀಯರು ಅದುವರೆಗೆ ಡಚ್ಚರಿಂದ ವೈದ್ಯವಿದ್ಯೆ ಕಲಿಯುತ್ತಿದ್ದರಲ್ಲವೇ? ಜರ್ಮನರನ್ನು ಕರೆಸಿಕೊಂಡದ್ದೇಕೆ?

ಉತ್ತರ: ಡಚ್ಚರ ಹೆಸರಿನಲ್ಲಿ ಬಂದ ವಿದ್ಯೆಯಲ್ಲಿ ಜರ್ಮನರ ಪಾಲು ಮೊದಲಿನಿಂದಲೂ ದೊಡ್ಡದಾಗಿಯೇ ಇತ್ತು. 1774ರಲ್ಲಿ ಜಪಾನೀ ಭಾಷೆಯಲ್ಲಿ ಪ್ರಕಟವಾದ ಪ್ರಸಿದ್ಧ ಅಂಗರಚನಾ ಗ್ರಂಥವು ಡಚ್ ಭಾಷೆಯಿಂದ ಅನುವಾದಗೊಂಡದ್ದಾದರೂ ಅದರ ಮೂಲ ಲೇಖಕ ಕುಲ್ಮುಸ್ ಜರ್ಮನ್. 1823ರಲ್ಲಿ ನಾಗಾಸಾಕಿಯ ದೆಜಿಮಾ ನಡುಗಡ್ಡೆಗೆ ಡಚ್ಚರ ವೈದ್ಯನಾಗಿ ಬಂದು, ಊರ ಹೊರಗಿನ ನಾರುತಾಕಿಯಲ್ಲಿ ಜಪಾನೀ ಶಿಷ್ಯರಿಗೆ ಪಾಠ ಹೇಳಿದ ಸೀಬೋಲ್ಟ್ ಕೂಡ ವೂರ್ಟ್ಸ್‌ಬುರ್ಗ್ ಊರಿನವನು. 1868ರ ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡಿ ಹೆಸರು ಗಳಿಸಿದ ಬ್ರಿಟಿಷ್ ವೈದ್ಯ ವಿಲಿಯಂ ವಿಲ್ಲಿಸ್ ಅವರಿಂದಾಗಿ ಇಂಗ್ಲಿಷ್ ಪದ್ಧತಿಯೇ ಗೆಲ್ಲಬಹುದಿತ್ತು. ಆದರೆ ಜಪಾನೀ ವೈದ್ಯ ಸಾಗಾರಾ ಚಿಆನ್ ಮೊದಲಾದವರು ಜರ್ಮನ್ ವೈದ್ಯಶಾಸ್ತ್ರವೇ ಶ್ರೇಷ್ಠವೆಂದು ಹಟ ಹಿಡಿದು ವಾದಿಸಿದರು. ಕೊನೆಗೆ ವಿಲ್ಲಿಸ್ ದಕ್ಷಿಣದ ಕಾಗೋಶಿಮಾಕ್ಕೆ ಹೋದರು, 1871ರಲ್ಲಿ ಮ್ಯುಲ್ಲರ್ ಮತ್ತು ಹೋಫ್‌ಮಾನ್ ಎಂಬ ಇಬ್ಬರು ಜರ್ಮನ್ ಸೇನಾ ವೈದ್ಯರು ಟೋಕಿಯೊಗೆ ಬಂದರು.

ಬೆಲ್ಟ್ಸ್ ಬಂದದ್ದು ಅವರ ಬೆನ್ನಿಗೆ, 1876ರಲ್ಲಿ. ವ್ಯುರ್ಟೆಂಬರ್ಗ್ ಪ್ರಾಂತದ ಬೀಟಿಗ್‌ಹೈಮ್ ಎಂಬಲ್ಲಿ 1849ರಲ್ಲಿ ಹುಟ್ಟಿ ಲೈಪ್ಜಿಗ್‌ನಲ್ಲಿ ಕಲಿತ ಈ ತರುಣ, ಅಲ್ಲಿನ ಆಸ್ಪತ್ರೆಯಲ್ಲಿ ಒಬ್ಬ ಜಪಾನೀ ವಿದ್ಯಾರ್ಥಿಗೆ ಚಿಕಿತ್ಸೆ ನೀಡಿದ್ದರು. ಆಹ್ವಾನಕ್ಕೆ ದಾರಿಯಾದದ್ದು ಆ ಪರಿಚಯ. ಮೊದಲಿಗೆ ಕೆಲವೇ ವರ್ಷಗಳ ಕರಾರಿನ ಮೇಲೆ ನೇಮಕಗೊಂಡ ಅವರು 1902ರವರೆಗೆ ಪಾಠ ಮಾಡಿದರು, ಅದೂ ಜರ್ಮನ್ ಭಾಷೆಯಲ್ಲಿ; ಆಮೇಲೂ ಅರಮನೆಯ ವೈದ್ಯರಾಗಿ 1905ರವರೆಗೆ ಅಲ್ಲಿಯೇ ಉಳಿದರು.

ಪ್ರಶ್ನೆ: ಪರದೇಶದಿಂದ ಬಂದ ವೈದ್ಯನೊಬ್ಬ ಆ ಸಮಾಜದಲ್ಲಿ ಏನನ್ನು ಕಂಡಿರಬಹುದು? ಅವರ ದಿನಚರಿಯನ್ನು ಇತಿಹಾಸಕಾರರು ಅಷ್ಟೊಂದು ಉದ್ಧರಿಸುವುದೇಕೆ?

ಉತ್ತರ: ಬೆಲ್ಟ್ಸ್ ಅವರಿಗೆ ಎರಡು ಅನುಕೂಲಗಳಿದ್ದವು. ಒಂದು, ಕಾಲ: ಊರು ಸುತ್ತಿ ಹೋಗುವ ಪ್ರವಾಸಿಗರು ಮೊದಲ ಬೆರಗಿನಲ್ಲಿಯೇ ಬರೆದು ಮುಗಿಸುತ್ತಿದ್ದರೆ, ಇವರಿಗೆ ತಮ್ಮ ಮೊದಲ ಅಭಿಪ್ರಾಯಗಳನ್ನು ತಾವೇ ತಿದ್ದಿಕೊಳ್ಳುವಷ್ಟು ವರ್ಷಗಳು ದೊರೆತವು. ಇನ್ನೊಂದು, ವೃತ್ತಿ: ಹೊಲದ ಹೆಂಗಸಿನಿಂದ ಹಿಡಿದು ಯುವರಾಜನವರೆಗೆ ಎಲ್ಲರ ನಾಡಿ ಹಿಡಿಯುವ ಅವಕಾಶ ವೈದ್ಯನಿಗಲ್ಲದೆ ಬೇರೆ ಯಾವ ಪರದೇಶಿಗೂ ಇರಲಿಲ್ಲ.

ಬಂದ ವರ್ಷವೇ ಅವರನ್ನು ಕಾಡಿದ ಸಂಗತಿಯೆಂದರೆ, ಓದಿದ ಜಪಾನೀಯರು ತಮ್ಮ ಗತಕಾಲದ ಬಗ್ಗೆ ನಾಚುತ್ತಿದ್ದದ್ದು. ಹಿಂದಿನದೆಲ್ಲ ಅನಾಗರಿಕವೆಂದು ಒಬ್ಬರು ಹೇಳಿದರೆ, ನಮಗೆ ಇತಿಹಾಸವೇ ಇಲ್ಲ, ಅದು ಈಗಷ್ಟೇ ಶುರುವಾಗುತ್ತಿದೆ ಎಂದು ಮತ್ತೊಬ್ಬರು ಖಡಾಖಂಡಿತವಾಗಿ ಹೇಳಿದ್ದನ್ನು ಅವರು 1876ರ ಅಕ್ಟೋಬರಿನಲ್ಲಿಯೇ ಬರೆದಿಟ್ಟಿದ್ದಾರೆ. ಹೊಸದನ್ನು ಕಲಿಸಲೆಂದೇ ಸಂಬಳ ಪಡೆಯುತ್ತಿದ್ದ ವ್ಯಕ್ತಿ ಈ ಮಾತಿಗೆ ಹಿಗ್ಗುವ ಬದಲು ಕಸಿವಿಸಿಗೊಂಡದ್ದು ಗಮನಾರ್ಹ. ಮುಂದೆ ಅವರ ನಡೆಯಲ್ಲಿಯೂ ಇದು ಕಾಣುತ್ತದೆ. ಪುಸ್ತಕದ ಮೇಲೆಯೇ ಬಾಗಿ ಸೊರಗಿದ ವಿದ್ಯಾರ್ಥಿಗಳನ್ನು ಕಂಡ ಅವರು, ಆಗ ಯಾರಿಗೂ ಬೇಡವಾಗಿದ್ದ ಕತ್ತಿವರಸೆ ಮತ್ತು ಜುಜುತ್ಸು ಎಂಬ ಕುಸ್ತಿಯ ಕಲೆಯನ್ನು ಉಳಿಸಿಕೊಳ್ಳಿ ಎಂದು ಒತ್ತಾಯಿಸಿದ್ದಲ್ಲದೆ, ಸಾಕಾಕಿಬಾರಾ ಕೆಂಕಿಚಿ ಎಂಬ ಗುರುವಿನ ಬಳಿ ಸ್ವತಃ ಕತ್ತಿವರಸೆ ಕಲಿತರು. ಗುನ್ಮಾ ಪ್ರಾಂತದ ಕುಸಾತ್ಸುವಿನ ಬಿಸಿನೀರಿನ ಬುಗ್ಗೆಗಳಿಗೆ ಹೋಗಿ, ಹಳ್ಳಿಯವರು ತಲೆಮಾರುಗಳಿಂದ ಅನುಸರಿಸುತ್ತಿದ್ದ ಸ್ನಾನಕ್ರಮವನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ವೈದ್ಯನ ಕಣ್ಣಿನಿಂದ ಪರಿಶೀಲಿಸಿ, ಜಪಾನಿನ ಖನಿಜಜಲಗಳ ಬಗ್ಗೆ 1880ರಲ್ಲಿ ಒಂದು ಕೃತಿಯನ್ನೇ ಪ್ರಕಟಿಸಿದರು.

ನನ್ನ ಮಟ್ಟಿಗೆ ಅವರ ಬರಹಗಳಲ್ಲೆಲ್ಲ ಅತ್ಯಂತ ಸೂಕ್ಷ್ಮವಾದದ್ದು ‘ಕಿತ್ಸುನೆ-ತ್ಸುಕಿ’, ಅಂದರೆ ಮೈಮೇಲೆ ನರಿ ಬರುವ ಸ್ಥಿತಿಯ ಕುರಿತು ಅವರು ನೀಡಿದ ವಿವರಣೆ. ನರಿಯು ಎದೆಯ ಮೂಲಕವೋ, ಉಗುರು ಮತ್ತು ಚರ್ಮದ ನಡುವಿನ ಸಂದಿಯಿಂದಲೋ ಒಳಹೊಕ್ಕು, ಆಶ್ರಯ ಕೊಟ್ಟವರ ಒಳಗೇ ತನ್ನದೊಂದು ಪ್ರತ್ಯೇಕ ಬಾಳು ನಡೆಸುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ಒಳಗಿನ ನರಿ ಆಡಿದ್ದೆಲ್ಲ ರೋಗಿಗೆ ಕೇಳಿಸುತ್ತದೆ, ಇಬ್ಬರೂ ಜೋರಾಗಿ ಜಗಳವಾಡುತ್ತಾರೆ, ನರಿಯ ದನಿ ರೋಗಿಯ ಸಹಜ ದನಿಗಿಂತ ಬೇರೆಯಾಗಿರುತ್ತದೆ ಎಂದು ಬೆಲ್ಟ್ಸ್ ಬರೆಯುತ್ತಾರೆ. ಅವರು ಇದನ್ನು ನರದೌರ್ಬಲ್ಯದ ಒಂದು ಬಗೆಯೆಂದು ಪರಿಗಣಿಸಿದರು. ಹೆಚ್ಚಾಗಿ ಬಡ ವರ್ಗದ ಹೆಂಗಸರಲ್ಲಿ, ಟೈಫಾಯ್ಡ್‌ನಂಥ ಕಾಯಿಲೆಯಿಂದ ಬಳಲಿದವರಲ್ಲಿ ಕಾಣುತ್ತದೆಂದು ಗುರುತಿಸಿದರು. ಆ ಬಳಿಕ ಅವರು ಸೇರಿಸಿದ ಮಾತು ಇನ್ನೂ ಮುಖ್ಯವಾದದ್ದು: ನರಿ ಬರುವ ಸಂಗತಿಯನ್ನು ಮೊದಲೇ ಕೇಳಿ ನಂಬಿದವರನ್ನು ಬಿಟ್ಟು ಬೇರೆ ಯಾರಿಗೂ ಅದು ಬರುವುದಿಲ್ಲ. ರೋಗದ ರೂಪವನ್ನು ಸಮಾಜದ ನಂಬಿಕೆಯೇ ಕಡೆಯುತ್ತದೆ ಎಂಬ ಈ ಅರಿವು ಆ ಕಾಲದ ಯೂರೋಪಿನ ವೈದ್ಯರಲ್ಲಿಯೂ ಅಪರೂಪವಾಗಿತ್ತು.

ರಾಜಕೀಯದ ಬಗ್ಗೆ ಅವರ ಕಣ್ಣು ಚುರುಕಾಗಿಯೂ ತುಸು ತುಂಟತನದಿಂದಲೂ ಕೂಡಿತ್ತು. 1889ರ ಫೆಬ್ರವರಿ 11ರಂದು ಸಂವಿಧಾನದ ಘೋಷಣೆಯಾಗುವ ಮುನ್ನ ಟೋಕಿಯೊ ನಗರವೆಲ್ಲ ಕಮಾನು, ದೀಪ, ಮೆರವಣಿಗೆಗಳ ಸಡಗರದಲ್ಲಿ ಮುಳುಗಿದ್ದಾಗ, ಅದರಲ್ಲಿ ಏನಿದೆಯೆಂದು ಒಬ್ಬರಿಗೂ ಗೊತ್ತಿಲ್ಲದಿರುವುದೇ ತಮಾಷೆ ಎಂದು ಅವರು ಬರೆದರು. ಘೋಷಣೆಯ ದಿನವೇ ಶಿಕ್ಷಣ ಸಚಿವ ಮೋರಿ ಅರಿನೋರಿ ಅವರ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಹಲ್ಲೆಕೋರನ ಸಮಾಧಿಗೆ ಜನ ತಂಡತಂಡವಾಗಿ ಭಕ್ತಿಯಿಂದ ಹೋಗುತ್ತಿದ್ದದ್ದನ್ನು ಅವರು ಕಳವಳದಿಂದ ದಾಖಲಿಸಿದ್ದಾರೆ. 1900ರಲ್ಲಿ ಯುವರಾಜನ ಮದುವೆಯ ಸಿದ್ಧತೆಯ ಸಭೆಯಲ್ಲಿ ಹಿರಿಯ ಮುತ್ಸದ್ದಿ ಇತೋ ಹಿರೋಬುಮಿ, ಯುವರಾಜನಾಗಿ ಹುಟ್ಟುವುದೇ ದುರದೃಷ್ಟ ಎಂದು ಹೇಳಿ, ಸೂತ್ರದ ಬೊಂಬೆಯನ್ನು ಆಡಿಸುವವನಂತೆ ಬೆರಳುಗಳನ್ನು ಕುಣಿಸಿ ತೋರಿಸಿದ್ದನ್ನೂ ಅವರ ದಿನಚರಿಯಲ್ಲಿ ಓದಬಹುದು. ಇಂಥ ಮಾತು ಸರ್ಕಾರಿ ಕಡತಗಳಲ್ಲಿ ಸಿಗುವುದಿಲ್ಲ. ಆದರೆ ಆ ದಿನಚರಿ ಅವರ ಮರಣಾನಂತರ ಮಗ ಟೋಕು ಸಂಪಾದಿಸಿ ಹೊರತಂದದ್ದು ಎಂಬುದನ್ನು ಉದ್ಧರಿಸುವವರು ನೆನಪಿನಲ್ಲಿಡಬೇಕು.

ತಮ್ಮ ಸೇವೆಯ ಇಪ್ಪತ್ತೈದು ವರ್ಷಗಳ ಸಂಭ್ರಮಕ್ಕೆಂದು 1901ರಲ್ಲಿ ಏರ್ಪಟ್ಟ ಸಮಾರಂಭದಲ್ಲಿ ಅವರು ಹೊಗಳಿಕೆಗೆ ಹೊಗಳಿಕೆಯನ್ನು ಹಿಂದಿರುಗಿಸಲಿಲ್ಲ. ವಿಜ್ಞಾನವನ್ನು ಎಲ್ಲಿಗೆ ಬೇಕಾದರೂ ಸಾಗಿಸಿ ನಡೆಸಬಹುದಾದ ಯಂತ್ರವೆಂದು ನೀವು ತಿಳಿದಿದ್ದೀರಿ. ಅದು ಯಂತ್ರವಲ್ಲ, ತನಗೆ ತಕ್ಕ ಹವೆಯಲ್ಲಿ ಮಾತ್ರ ಬೆಳೆಯುವ ಜೀವಿ ಎಂದರು. ಗಿಡ ಬೆಳೆಸಲು ಬಂದ ಗುರುಗಳನ್ನು ಹಣ್ಣು ಮಾರುವವರಂತೆ ಕಂಡಿರಿ ಎಂಬ ಅವರ ದೂರು ಜಪಾನಿನಲ್ಲಿ ಇಂದಿಗೂ ಚರ್ಚೆಗೆ ಬರುತ್ತದೆ.

ಪ್ರಶ್ನೆ: ಅವರು ಜಪಾನೀ ಮಹಿಳೆಯನ್ನು ಮದುವೆಯಾಗಿದ್ದರೆಂಬುದು ನಿಜವೇ?

ಉತ್ತರ: ನಿಜ. ಹಾನಾ ಎಂಬುದು ಆಕೆಯ ಹೆಸರು. ಟೋಕು ಇವರ ಮಗ. ಪತಿಯೊಡನೆ ಜರ್ಮನಿಗೆ ಹೋದ ಹಾನಾ, 1913ರಲ್ಲಿ ಬೆಲ್ಟ್ಸ್ ಸ್ಟುಟ್‌ಗಾರ್ಟ್‌ನಲ್ಲಿ ತೀರಿಕೊಂಡ ಮೇಲೆ ಕೆಲವು ವರ್ಷ ಅಲ್ಲಿದ್ದು, ಬಳಿಕ ಜಪಾನಿಗೆ ಮರಳಿದರು.

ಪ್ರಶ್ನೆ: ವೈದ್ಯರಾಗಿ ಅವರ ಸಾಧನೆಯೇನು? ಅವರ ತೀರ್ಮಾನಗಳೆಲ್ಲ ಇಂದಿಗೂ ನಿಲ್ಲುತ್ತವೆಯೇ?

ಉತ್ತರ: ಎಲ್ಲವೂ ನಿಲ್ಲುವುದಿಲ್ಲ. ಹಸುಗೂಸುಗಳ ಬೆನ್ನಿನ ಕೆಳಭಾಗದಲ್ಲಿ ಕಾಣುವ ನೀಲಿ ಮಚ್ಚೆಗೆ ‘ಮಂಗೋಲಿಯನ್ ಮಚ್ಚೆ’ ಎಂಬ ಹೆಸರು ಬಂದದ್ದು ಅವರಿಂದ. ಅದೊಂದು ಜನಾಂಗದ ಗುರುತೆಂದು ಅವರು ಭಾವಿಸಿದ್ದರು, ಆದರೆ ಆಫ್ರಿಕಾದ ಮಕ್ಕಳಲ್ಲಿಯೂ ಅದು ಸಾಮಾನ್ಯವೆಂದು ಆಮೇಲೆ ತಿಳಿಯಿತು. ಮುಖ, ತಲೆಗಳನ್ನು ಅಳೆದು ಜಪಾನೀಯರನ್ನು ಅಲ್ಲಿನ ಎರಡು ಪ್ರಾಂತಗಳ ಹೆಸರಿನಲ್ಲಿ ಚೋಶೂ ಮಾದರಿ, ಸಾತ್ಸುಮಾ ಮಾದರಿ ಎಂದು ವಿಂಗಡಿಸಿದ್ದೂ ಆ ಶತಮಾನದ ಚಾಳಿಯೇ ಹೊರತು ಇಂದು ಅದಕ್ಕೆ ಬೆಲೆಯಿಲ್ಲ. ಕಾವಾಕಾಮಿ ಎಂಬ ಸಹೋದ್ಯೋಗಿಯೊಡನೆ 1879ರಲ್ಲಿ ಅವರು ವಿವರಿಸಿದ ನದೀತೀರದ ಜ್ವರದ ವರದಿ ಮಾತ್ರ ಗಟ್ಟಿ ಕೆಲಸ. ಆ ಜ್ವರಕ್ಕೆ ಹೊಳೆದಂಡೆಯ ಸಣ್ಣ ಕೆಂಪು ನುಸಿಯೇ ಕಾರಣವೆಂದು ಹಳ್ಳಿಗರು ಹೇಳುತ್ತಿದ್ದದ್ದು ಮುಂದಿನ ಸಂಶೋಧನೆಯಿಂದ ದೃಢಪಟ್ಟಿತು.

ದೊಡ್ಡ ತಪ್ಪು ಕಂಡುಬರುವುದು ಬೆರಿಬೆರಿಯ ವಿಷಯದಲ್ಲಿ. ಕಾಲು ಊದಿ, ಸ್ಪರ್ಶಜ್ಞಾನ ಕುಂದಿ, ಕೊನೆಗೆ ಹೃದಯ ಸೋತು ಸಾವು ತರುವ, ಜಪಾನೀಯರು ‘ಕಾಕ್ಕೆ’ ಎನ್ನುತ್ತಿದ್ದ ಈ ರೋಗವನ್ನು ಬೆಲ್ಟ್ಸ್ ಸಾಂಕ್ರಾಮಿಕವೆಂದೇ ನಂಬಿದ್ದರು. ಲಂಡನ್ನಿನಲ್ಲಿ ಕಲಿತ ನೌಕಾಪಡೆಯ ವೈದ್ಯ ತಾಕಾಕಿ ಕಾನೆಹಿರೋ ದೋಷವಿರುವುದು ಊಟದಲ್ಲಿ ಎಂದರು. ಬಿಳಿ ಅಕ್ಕಿಯೇ ಮುಖ್ಯ ಆಹಾರವಾಗಿದ್ದ ‘ರ್ಯೂಜೋ’ ಹಡಗಿನ 376 ಜನರಲ್ಲಿ 169 ಮಂದಿಗೆ ರೋಗ ತಗುಲಿ 25 ಮಂದಿ ಸತ್ತಿದ್ದರು. 1884ರಲ್ಲಿ ಊಟ ಬದಲಿಸಿಕೊಂಡು ಅದೇ ಮಾರ್ಗವಾಗಿ ಹೊರಟ ‘ತ್ಸುಕುಬಾ’ ಹಡಗಿನಲ್ಲಿ ರೋಗದಿಂದ ಒಬ್ಬರೂ ಸಾಯಲಿಲ್ಲ. ಆದರೂ ಜರ್ಮನ್ ಪದ್ಧತಿಯಲ್ಲಿ ಪಳಗಿದ ಭೂಸೇನೆಯ ವೈದ್ಯರು ಒಪ್ಪಲಿಲ್ಲ. ರಷ್ಯಾದೊಡನೆ 1904ರಲ್ಲಿ ಆರಂಭವಾದ ಯುದ್ಧದಲ್ಲಿ ಭೂಸೇನೆಯ ಸುಮಾರು 27 ಸಾವಿರ ಸೈನಿಕರು ಬೆರಿಬೆರಿಯಿಂದ ಸತ್ತರು. ಆ ಹೊಣೆಯನ್ನೆಲ್ಲ ಬೆಲ್ಟ್ಸ್ ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ರೋಗವೆಂದರೆ ರೋಗಾಣು ಎಂದೇ ಯೋಚಿಸುವ ಪಾಠಕ್ರಮವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಪ್ರಶ್ನೆ: ಅವರ ಹೆಸರು ಜಪಾನಿನಲ್ಲಿ ಈಗಲೂ ಬಳಕೆಯಲ್ಲಿದೆಯೇ?

ಉತ್ತರ: ಇದೆ, ಔಷಧದಂಗಡಿಯಲ್ಲಿ. ಹಾಕೋನೆಯ ಹೋಟೆಲಿನ ಸೇವಕಿಯೊಬ್ಬಳ ಒಡೆದ ಕೈಗಳನ್ನು ಕಂಡು ಅವರು ಗ್ಲಿಸರಿನ್, ಆಲ್ಕೋಹಾಲ್ ಮತ್ತು ಅತ್ಯಲ್ಪ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ತಯಾರಿಸಿದರೆನ್ನಲಾದ ಲೇಪನದ್ರವಕ್ಕೆ ಅಲ್ಲಿನವರು ಇಂದಿಗೂ ‘ಬೆಲ್ಟ್ಸ್ ನೀರು’ ಎಂದೇ ಹೇಳುತ್ತಾರೆ.