ಮೆಚ್ಚುವವರು ಬಹಳ, ಕೊಳ್ಳುವವರು ವಿರಳ

ಪ್ರಶ್ನೆ: ಚಿಕ್ಕಮಗಳೂರಿನ ಸಮೀಪದ ಹಳ್ಳಿಯೊಂದರಲ್ಲಿದ್ದುಕೊಂಡು ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಕಾಫಿ ಹೂವು, ಮುಳ್ಳಯ್ಯನಗಿರಿಯ ಮಂಜು, ಮಳೆಗಾಲದ ಹಂಚಿನ ಮನೆಗಳು ನನ್ನ ವಸ್ತುಗಳು. ಎರಡು ವರ್ಷಗಳ ಹಿಂದೆ ನನ್ನದೇ ಆನ್‌ಲೈನ್ ಮಳಿಗೆ ತೆರೆದು, ಈ ಚಿತ್ರಗಳ ಮುದ್ರಿತ ಪ್ರತಿಗಳನ್ನು ಮಾರಾಟಕ್ಕಿಟ್ಟಿದ್ದೇನೆ. ಈಗ ಅಲ್ಲಿ 90ಕ್ಕೂ ಹೆಚ್ಚು ಚಿತ್ರಗಳಿವೆ. ಇನ್‌ಸ್ಟಾಗ್ರಾಮ್‌ನಲ್ಲಿ ಮೆಚ್ಚುವವರು ಬಹಳ, ಮಳಿಗೆಗೆ ಬಂದು ನೋಡುವವರೂ ಇದ್ದಾರೆ. ಆದರೆ ತಿಂಗಳಿಗೆ ಎರಡೋ ಮೂರೋ ಪ್ರತಿಗಳು ಮಾತ್ರ ಹೋಗುತ್ತವೆ. ಬೆಲೆ ಇಳಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?
– ಓದುಗರು, ಚಿಕ್ಕಮಗಳೂರು

ಉತ್ತರ: ನೀವು ಪತ್ರದೊಂದಿಗೆ ಕಳುಹಿಸಿದ ವಿಳಾಸವನ್ನು ಕೊಳ್ಳುವವರಂತೆಯೇ ಮೊಬೈಲಿನಲ್ಲಿ ತೆರೆದು, ಕಾಫಿ ಹೂವಿನ ಚಿತ್ರವೊಂದನ್ನು ಆರಿಸಿ, ಹಣ ಪಾವತಿಸುವ ಪುಟದವರೆಗೂ ಹೋಗಿ ನೋಡಿದೆ. ಚಿತ್ರ ಚೆನ್ನಾಗಿದೆ, ಕಾಫಿ ಗಿಡವನ್ನು ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುವುದನ್ನು ವರ್ಷವರ್ಷವೂ ಕಂಡವರಿಗೆ ಮಾತ್ರ ಒಲಿಯುವ ಬಿಳುಪು ಅದರಲ್ಲಿದೆ. ಆದರೆ ಅಳತೆಯ ಜಾಗದಲ್ಲಿ ‘ಚಿಕ್ಕದು, ಮಧ್ಯಮ, ದೊಡ್ಡದು’ ಎಂದಷ್ಟೇ ಇತ್ತು, ಕಾಗದ ಯಾವುದೆಂದು ಹೇಳಿರಲಿಲ್ಲ, ಬೆಲೆಯಲ್ಲಿ ಚೌಕಟ್ಟು ಸೇರಿದೆಯೋ ಇಲ್ಲವೋ ತಿಳಿಯಲಿಲ್ಲ, ಅಂಚೆವೆಚ್ಚವಂತೂ ಕಟ್ಟಕಡೆಯ ಪುಟದಲ್ಲಿ ಎದುರಾಯಿತು. ನಿಮ್ಮದು ಒಳ್ಳೆಯ ಚಿತ್ರಪ್ರದರ್ಶನವಾಗಿದೆ, ಇನ್ನೂ ಅಂಗಡಿಯಾಗಿಲ್ಲ. ಪ್ರದರ್ಶನಕ್ಕೆ ಬಂದವರು ನೋಡಿ ಸಂತೋಷಪಟ್ಟು ಹೋದರೆ ಸಾಕು. ಅಂಗಡಿಗೆ ಬಂದವರು ತಮ್ಮ ಮನೆಯ ಗೋಡೆಯನ್ನು ನೆನೆದುಕೊಂಡು ಒಂದು ತೀರ್ಮಾನಕ್ಕೆ ಬರಬೇಕು, ಅದಕ್ಕೆ ಬೇಕಾದ ಮಾಹಿತಿ ಕೈಗೆ ಸಿಗದಿದ್ದಾಗ ‘ಆಮೇಲೆ ನೋಡೋಣ’ ಎಂದು ಪುಟ ಮುಚ್ಚುತ್ತಾರೆ. ಬೆಲೆ ಇಳಿಸಿದರೂ ಫಲ ಕಾಣದಿರುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ಅಳತೆಯಿಂದಲೇ ಆರಂಭಿಸಿ. ಎ4 ಎಂದರೆ 210×297 ಮಿಲಿಮೀಟರ್, ಎ3 ಎಂದರೆ 297×420 ಮಿಲಿಮೀಟರ್. ನಮ್ಮಲ್ಲಿ ಫೋಟೊಗೆ ಕಟ್ಟು ಹಾಕುವವರೂ ಹಾಕಿಸುವವರೂ ಇಂಚಿನಲ್ಲೇ ಮಾತನಾಡುವುದರಿಂದ ಅದರ ಪಕ್ಕದಲ್ಲಿ ಸುಮಾರು 8.3×11.7 ಇಂಚು, ಸುಮಾರು 11.7×16.5 ಇಂಚು ಎಂದೂ ಬರೆಯಿರಿ. ಇಲ್ಲಿ ಅನೇಕ ಕಲಾವಿದರು ಗಮನಿಸದ ತೊಡಕೊಂದಿದೆ. ನಿಮ್ಮ ಎ3 ಪ್ರತಿಯನ್ನು ಕೊಂಡವರು ಸಿದ್ಧವಾಗಿ ಸಿಗುವ 12×18 ಇಂಚಿನ ಚೌಕಟ್ಟಿನಲ್ಲಿ ಅದನ್ನು ಕೂರಿಸಲು ಹೋದರೆ, ಅಗಲದಲ್ಲಿ ಇಂಚಿನ ಮೂರನೆಯ ಒಂದು ಭಾಗವೂ ಉಳಿಯುವುದಿಲ್ಲ, ಉದ್ದದಲ್ಲಿ ಮಾತ್ರ ಸುಮಾರು ಒಂದೂವರೆ ಇಂಚು ಖಾಲಿ ಬಿಡುತ್ತದೆ. ಚಿತ್ರವನ್ನು ಕತ್ತರಿಸದೆ, 12×18 ಇಂಚಿನ ಕಾಗದದ ಮೇಲೆ ಸುತ್ತಲೂ ಬಿಳಿಯ ಅಂಚು ಬಿಟ್ಟು ಮುದ್ರಿಸಿಕೊಟ್ಟರೆ ಈ ಕಷ್ಟ ತಪ್ಪುತ್ತದೆ. ‘ಯಾವ ಅಳತೆಯ ಕಟ್ಟಿಗೆ ಹೊಂದುತ್ತದೆ’ ಎಂಬ ಒಂದು ಸಾಲನ್ನು ಪ್ರತಿ ಪುಟದಲ್ಲಿಯೂ ಸೇರಿಸಿ. ಎರಡೇ ಅಳತೆಗಳು ಸಾಕು, ಹೆಚ್ಚೆಂದರೆ ಮೂರು.

ಅಂಕೆಯಲ್ಲಿ ಹೇಳಿದ ಅಳತೆಯನ್ನು ಕಣ್ಣಿಗೂ ಕಾಣಿಸಬೇಕು. ಒಂದೊಂದು ಚಿತ್ರಕ್ಕೂ ಕನಿಷ್ಠ ಮೂರು ಫೋಟೊಗಳಿರಲಿ: ಪೂರ್ಣ ಚಿತ್ರ, ಕಾಗದದ ತರಿ ಮತ್ತು ಬಣ್ಣ ಹರಿದ ಗೆರೆ ಕಾಣುವಂತೆ ಹತ್ತಿರದಿಂದ ತೆಗೆದ ಒಂದು ಮೂಲೆ, ಗೋಡೆಯ ಮೇಲೆ ತೂಗುಹಾಕಿದ ನೋಟ. ಈ ಮೂರನೆಯದಕ್ಕೆ ಎಲ್ಲರೂ ಅಂತರ್ಜಾಲದಲ್ಲಿ ಸಿಗುವ ಸಿದ್ಧ ಕೋಣೆಯ ಚಿತ್ರಗಳನ್ನೇ ಬಳಸುತ್ತಿದ್ದಾರೆ. ಬೂದುಬಣ್ಣದ ಅದೇ ಸೋಫಾ, ಅದೇ ಹೂದಾನಿ. ನಿಮ್ಮ ಮನೆಯ ಜಗಲಿ, ಕೆಂಪು ಗಾರೆಯ ನೆಲ, ಸುಣ್ಣದ ಗೋಡೆ, ಪಕ್ಕದಲ್ಲೊಂದು ಮರದ ಕುರ್ಚಿ ಇದ್ದರೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಬೇಕಿಲ್ಲ. ಕುರ್ಚಿ ಎಷ್ಟು ಎತ್ತರವಿರುತ್ತದೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಚಿತ್ರದ ಗಾತ್ರ ಹೇಳದೆಯೇ ತಿಳಿಯುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಫೋಟೊ ಇದಕ್ಕೆ ಧಾರಾಳ ಸಾಕು.

ಮುದ್ರಣದ ಕಡತಕ್ಕೆ ಮೊಬೈಲು ಸಾಲದು. ಇಂಚಿಗೆ 300 ಚುಕ್ಕಿಗಳ ಲೆಕ್ಕದಲ್ಲಿ ಎ3 ಮುದ್ರಣಕ್ಕೆ 3508×4961 ಪಿಕ್ಸೆಲ್ ಬೇಕು. ಎ4 ಅಳತೆಯ ಮೂಲಚಿತ್ರವನ್ನು 600ರಲ್ಲಿ ಸ್ಕ್ಯಾನ್ ಮಾಡಿಸಿದರೆ ಎ2ವರೆಗೂ ಹಿಗ್ಗಿಸಬಹುದು. ಈ ದೊಡ್ಡ ಕಡತವನ್ನು ಮಾತ್ರ ಮಳಿಗೆಗೆ ಏರಿಸಬೇಡಿ. ಅಲ್ಲಿಗೆ ಉದ್ದನೆಯ ಬದಿ 1500 ಪಿಕ್ಸೆಲ್‌ನಷ್ಟಿರುವ, ಎಸ್‌ಆರ್‌ಜಿಬಿ ಎಂಬ, ಪರದೆಗಳಿಗೆ ಹೊಂದುವ ಬಣ್ಣವ್ಯವಸ್ಥೆಯ ಹಗುರವಾದ ಪ್ರತಿ ಸಾಕು. ಪುಟ ಬೇಗ ತೆರೆಯುತ್ತದೆ, ಕದ್ದವರಿಗೂ ದೊಡ್ಡದಾಗಿ ಮುದ್ರಿಸಲು ಬರುವುದಿಲ್ಲ. ಕಾಗದದ ವಿಷಯವನ್ನು ಬಚ್ಚಿಡಬೇಡಿ: ಆಮ್ಲರಹಿತ ಹತ್ತಿಯ ಕಾಗದವೋ, ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ದಪ್ಪವೋ, ಬೇಗ ಮಾಸದ ಪಿಗ್ಮೆಂಟ್ ಶಾಯಿಯೋ ಎಂಬುದನ್ನು ಬರೆದರೆ, ಬಸ್‌ನಿಲ್ದಾಣದಲ್ಲಿ ಸಿಗುವ ಪೋಸ್ಟರಿಗೂ ನಿಮ್ಮ ಪ್ರತಿಗೂ ಇರುವ ವ್ಯತ್ಯಾಸ ಓದುವವರಿಗೆ ತಾನಾಗಿ ತಿಳಿಯುತ್ತದೆ.

90 ಚಿತ್ರಗಳು ಒಟ್ಟಿಗೆ ಬೇಡ. ಇದುವರೆಗೆ ಮಾರಾಟವಾದವುಗಳ ಪಟ್ಟಿ ತೆಗೆದು, ಅವುಗಳ ಸುತ್ತ 25ರಷ್ಟನ್ನು ಉಳಿಸಿಕೊಂಡು, ‘ತೋಟ’, ‘ಗಿರಿ’, ‘ಮಳೆ’ ಎಂದು ವಿಂಗಡಿಸಿ. ಒಂದೇ ಗೋಡೆಗೆ ಹೊಂದುವ ಮೂರು ಚಿತ್ರಗಳನ್ನು ಜೋಡಿಸಿ ಒಂದು ಬೆಲೆಗೆ ಕೊಡಿ. ಗೃಹಪ್ರವೇಶಕ್ಕೆ ಉಡುಗೊರೆ ಹುಡುಕುವವರು ಬಿಡಿಚಿತ್ರಕ್ಕಿಂತ ಇಂಥ ಜೋಡಣೆಯನ್ನು ಸುಲಭವಾಗಿ ಆರಿಸುತ್ತಾರೆ. ಹೆಸರುಗಳನ್ನೂ ಬದಲಾಯಿಸಬೇಕು. ‘ಮೌನ–3’, ‘ಬೆಳಗು–7’ ಎಂಬ ಹೆಸರು ಪ್ರದರ್ಶನದ ಫಲಕಕ್ಕೆ ಶೋಭಿಸಬಹುದು, ಆದರೆ ಗೂಗಲ್‌ನಲ್ಲಿ ಯಾರೂ ಹಾಗೆ ಹುಡುಕುವುದಿಲ್ಲ. ‘ಕಾಫಿ ಹೂವು, ಚಿಕ್ಕಮಗಳೂರು, ಜಲವರ್ಣ’ ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರಲಿ, ಕೆಳಗೆ ಯಾವ ತಿಂಗಳು, ಯಾವ ದಿಣ್ಣೆಯ ಮೇಲೆ ಕುಳಿತು ಬರೆದದ್ದೆಂಬ ನಾಲ್ಕು ಸಾಲುಗಳಿರಲಿ. ಆ ನಾಲ್ಕು ಸಾಲು ನಿಮ್ಮ ಹೊರತು ಬೇರೆ ಯಾರಿಂದಲೂ ಬರೆಯಲಾಗದು.

ಇನ್ನು ಬೆಲೆ. ಒಂದು ಎ3 ಪ್ರತಿಗೆ ಮುದ್ರಣ 350, ರಟ್ಟಿನ ಕೊಳವೆ 60, ಅಂಚೆ 120, ಒಟ್ಟು 530 ರೂಪಾಯಿ ಖರ್ಚೆಂದು ಇಟ್ಟುಕೊಳ್ಳೋಣ. 900ಕ್ಕೆ ಮಾರಿದರೆ, ಹಣ ಪಾವತಿ ವ್ಯವಸ್ಥೆಯವರು ಸಾಮಾನ್ಯವಾಗಿ ಹಿಡಿಯುವ ಶೇಕಡ 2ರಷ್ಟು ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಕಳೆದು ನಿಮಗೆ ಉಳಿಯುವುದು ಸುಮಾರು 350. ಅದನ್ನೇ 700ಕ್ಕೆ ಇಳಿಸಿದರೆ ಉಳಿಯುವುದು ಸುಮಾರು 150. ಕೊಳ್ಳುವವರಿಗೆ 200 ರೂಪಾಯಿಯ ರಿಯಾಯಿತಿ, ನಿಮಗೆ ಅರ್ಧಕ್ಕಿಂತ ಹೆಚ್ಚಿನ ನಷ್ಟ. ಆದ್ದರಿಂದ ಬೆಲೆಯನ್ನು ಮೊದಲಿನ ಮಟ್ಟಕ್ಕೆ ಏರಿಸಿ, ಅಂಚೆವೆಚ್ಚವನ್ನು ಅದರೊಳಗೇ ಸೇರಿಸಿ, ‘ಅಂಚೆವೆಚ್ಚ ಸೇರಿದೆ’ ಎಂದು ಚಿತ್ರದ ಪಕ್ಕದಲ್ಲೇ ಬರೆಯಿರಿ. ಕಡಿಮೆ ಹಣದಲ್ಲಿ ಕೊಳ್ಳಬಯಸುವವರಿಗೆ 4×6 ಇಂಚಿನ ಕಾರ್ಡುಗಳ ಕಟ್ಟೊಂದನ್ನು ಇಡಬಹುದು. ಮೇಲ್ದರ್ಜೆಯ ಬೆಲೆಗೆ ಸೀಮಿತ ಪ್ರತಿಗಳನ್ನು ಕೊಡುವುದಾದರೆ ಪೆನ್ಸಿಲಿನಲ್ಲಿ 12/50 (ಒಟ್ಟು 50ರಲ್ಲಿ 12ನೆಯದು) ಎಂಬಂತೆ ಸಂಖ್ಯೆ ಹಾಕಿ ಸಹಿ ಮಾಡಿ, ಮತ್ತು 51ನೆಯದನ್ನು ಯಾರು ಕೇಳಿದರೂ ಮುದ್ರಿಸಬೇಡಿ. ಹೊರರಾಜ್ಯಗಳಿಗೆ ಸರಕು ಕಳುಹಿಸುವವರಿಗೆ ಜಿಎಸ್‌ಟಿ ನೋಂದಣಿಯ ನಿಯಮ ರಾಜ್ಯದೊಳಗಿನ ಮಾರಾಟಕ್ಕಿಂತ ಬಿಗಿಯಾಗಿದೆ. ಲೆಕ್ಕಪರಿಶೋಧಕರೊಬ್ಬರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಿಮ್ಮ ಊರಿನ ಮಳೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಕಾಗದ ದಾಸ್ತಾನು ಇಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಆ ತಿಂಗಳುಗಳಲ್ಲಿ ಬೇಡಿಕೆ ಬಂದಾಗ ಮಾತ್ರ ಮುದ್ರಿಸಿಕೊಳ್ಳಿ. ಎ4 ಪ್ರತಿಗಳನ್ನು ಎರಡು ರಟ್ಟುಗಳ ನಡುವೆ ಚಪ್ಪಟೆಯಾಗಿಯೂ, ದೊಡ್ಡವನ್ನು ಬಟರ್ ಪೇಪರ್ ಸುತ್ತಿ ಅಗಲವಾದ ಕೊಳವೆಯಲ್ಲಿಯೂ, ಎರಡನ್ನೂ ನೀರು ಇಳಿಯದ ಪ್ಲಾಸ್ಟಿಕ್ ಹೊದಿಕೆಯೊಳಗೂ ಕಳುಹಿಸಿ. ಗಾಜಿನ ಕಟ್ಟು ಹಾಕಿಸಿ ಕಳುಹಿಸುವ ಆಸೆ ಬಿಟ್ಟುಬಿಡಿ. ಹಾಳಾಗಿ ತಲುಪಿದರೆ ಬೇರೆ ಪ್ರತಿ ಕೊಡುವಿರೋ, ಎಷ್ಟು ದಿನದೊಳಗೆ ತಿಳಿಸಬೇಕೋ ಎಂಬುದು ಪುಟದಲ್ಲಿರಲಿ. ಮಾರುವವರ ಹೆಸರು, ವಿಳಾಸ, ಸಂಪರ್ಕ, ಹಿಂದಿರುಗಿಸುವ ನಿಯಮಗಳು ಗ್ರಾಹಕರಿಗೆ ಕಾಣುವಂತಿರಬೇಕೆಂಬುದು 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಆಶಯವೂ ಹೌದು.

ಕೊನೆಯದಾಗಿ, ನಿಮ್ಮ ಗ್ರಾಹಕರು ವಾರಾಂತ್ಯಕ್ಕೆ ನಿಮ್ಮ ಸುತ್ತಲಿನ ಹೋಂಸ್ಟೇಗಳಿಗೇ ಬಂದು ಹೋಗುತ್ತಿದ್ದಾರೆ. ಪರಿಚಯದ ಎರಡು ಮೂರು ಕಡೆ ಕಟ್ಟು ಹಾಕಿಸಿದ ಒಂದೊಂದು ಚಿತ್ರವನ್ನು ತೂಗುಹಾಕಿ, ಕೆಳಗೆ ಕ್ಯೂಆರ್ ಸಂಕೇತವಿರುವ ಚಿಕ್ಕ ಚೀಟಿ ಅಂಟಿಸಲು ಕೇಳಿ. ಕಿಟಕಿಯಾಚೆ ಕಂಡ ಗಿರಿಯೇ ಗೋಡೆಯ ಮೇಲೂ ಇದ್ದರೆ, ಅದನ್ನು ಮನೆಗೆ ಒಯ್ಯುವ ಮನಸ್ಸು ಅಲ್ಲಿಯೇ ಹುಟ್ಟುತ್ತದೆ.

ಪ್ರಶ್ನೆ: ಬೇಲೂರಿನ ಶಿಲಾಬಾಲಿಕೆಯರನ್ನು ಶಾಯಿಯಲ್ಲಿ ಬರೆದು ಪ್ರತಿಗಳನ್ನು ಮಾರುತ್ತಿದ್ದೇನೆ. ಕೆಲವನ್ನು ಅಂತರ್ಜಾಲದಲ್ಲಿ ಸಿಕ್ಕ ಫೋಟೊ ನೋಡಿ ಬರೆದಿದ್ದೇನೆ, ಇದು ತಪ್ಪಾಗುತ್ತದೆಯೇ? ಸಕಲೇಶಪುರದ ತೋಟದ ಮಾಲೀಕರೊಬ್ಬರು ಹಣ ಕೊಟ್ಟು ತಮ್ಮ ಬಂಗಲೆಯ ಚಿತ್ರ ಬರೆಸಿದ್ದಾರೆ. ಅದರ ಪ್ರತಿಗಳನ್ನೂ ಮಳಿಗೆಯಲ್ಲಿ ಇಡಬಹುದೇ?
– ಓದುಗರು, ಹಾಸನ

ಉತ್ತರ: 1117ರಲ್ಲಿ ಪ್ರತಿಷ್ಠೆಯಾದ ದೇವಾಲಯದ ಶಿಲ್ಪಗಳ ಮೇಲೆ ಇಂದು ಯಾರ ಕೃತಿಸ್ವಾಮ್ಯವೂ ಇಲ್ಲ, ಆದರೆ ಅವುಗಳ ಫೋಟೊ ತೆಗೆದವರಿಗೆ ಆ ಫೋಟೊದ ಮೇಲೆ ಹಕ್ಕಿದೆ, ಅದು ಅವರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಉಳಿಯುತ್ತದೆ. ಫೋಟೊದ ಕೋನ, ನೆರಳು, ಚೌಕಟ್ಟುಗಳನ್ನು ಯಥಾವತ್ತಾಗಿ ಇಳಿಸಿಕೊಂಡಿದ್ದರೆ ಆ ಚಿತ್ರಗಳನ್ನು ಮಳಿಗೆಯಿಂದ ತೆಗೆದುಬಿಡಿ. ಹಾಸನದಿಂದ ಬೇಲೂರು ದೂರವೇನಲ್ಲ. ಇಳಿಬಿಸಿಲಿನಲ್ಲಿ ಹೋಗಿ ನೀವೇ ಬರೆದುಕೊಳ್ಳಿ. ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿರುವುದರಿಂದ ಹೊರಗಿನವರೂ ಇವುಗಳನ್ನು ಹುಡುಕುತ್ತಾರೆ, ಪ್ರತಿ ಚಿತ್ರದ ಕೆಳಗೆ ಶಿಲ್ಪದ ಹೆಸರು ಮತ್ತು ಅದು ದೇವಾಲಯದ ಯಾವ ಭಾಗದಲ್ಲಿದೆ ಎಂಬುದನ್ನು ಬರೆಯಲು ಮರೆಯಬೇಡಿ.

ಬಂಗಲೆಯ ವಿಷಯ ಬೇರೆ. ಹಣ ಕೊಟ್ಟು ಬರೆಸಿದ ಚಿತ್ರದ ಮೊದಲ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಬರೆಸಿದವರದೇ. ನೀವಾಗಿಯೇ ಬರೆದ ಚಿತ್ರದ ಮೂಲವನ್ನು ಮಾರಿದಾಗ ಹೀಗಲ್ಲ. ಲಿಖಿತವಾಗಿ ಬಿಟ್ಟುಕೊಡದಿದ್ದರೆ ಪ್ರತಿ ತೆಗೆಯುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ತೋಟದವರಿಂದ ಎರಡು ಸಾಲಿನ ಒಪ್ಪಿಗೆಪತ್ರ ಬರೆಸಿಕೊಂಡ ಮೇಲೆಯೇ ಆ ಚಿತ್ರದ ಪ್ರತಿಗಳನ್ನು ಮಳಿಗೆಯಲ್ಲಿಡಿ, ಮತ್ತು ಮುಂದಿನ ಬಾರಿ ಮುಂಗಡ ಪಡೆಯುವಾಗಲೇ ಈ ಮಾತು ಆಗಲಿ.