ಕೊಡಗಿನ ನಮ್ಮ ಮನೆತನದ ಮೂಲವನ್ನು ಮಡಿಕೇರಿ ಲೈಬ್ರರಿಯಲ್ಲಿ ಹುಡುಕೋದು ಹೇಗೆ?
ಸುಮ್ನೆ ‘ನಮ್ಮ ಮನೆತನದ ಪುಸ್ತಕ ಇದ್ಯಾ’ ಅಂತ ಕೇಳಿದರೆ ಲೈಬ್ರರಿಯವರಾದರೂ ಏನು ಮಾಡುತ್ತಾರೆ, ಅಲ್ವಾ? ಒಕ್ಕದ (ಅಂದ್ರೆ ಕೊಡವ ಮನೆತನದ) ಹೆಸರು, ನಾಡು, ಊರು ಬರೆದುಕೊಂಡು ಹೋಗಿ. ರೆಫರೆನ್ಸ್ ವಿಭಾಗದಲ್ಲಿ ರಿಕ್ಟರ್ ಅವರ 1870ರ ಕೊಡಗಿನ ಮ್ಯಾನ್ಯುಯಲ್, ಎಪಿಗ್ರಾಫಿಯಾ ಕರ್ನಾಟಿಕಾದ 1ನೇ ಸಂಪುಟ (ಅದು ಪೂರ್ತಿ ಕೊಡಗಿನ ಶಾಸನಗಳದ್ದೇ), ಕೊಡವ ಹಾಡು, ಪದ್ಧತಿಗಳ ಸಂಗ್ರಹವಾದ 1924ರ ಪಟ್ಟೋಲೆ ಪಳಮೆ ಇವೆಯಾ ಕೇಳಿ. ನಾಡು, ಪದ್ಧತಿ, ಹಾಡು ತಿಳಿಯೋಕೆ ಇವು ಚಿನ್ನ. ಆದರೆ ನಿಮ್ಮ ಮುತ್ತಜ್ಜನ ಹೆಸರು ಅಲ್ಲಿ ಸಿಗೋದು ಅಪರೂಪ.

ಹೆಸರೇ ಬೇಕಂದ್ರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಜಮ್ಮಾ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ದಾಖಲೆಯ ನಕಲು ತೆಗೆಸಿ. ಜಮ್ಮಾ ಜಮೀನು ಒಕ್ಕದ ಪಟ್ಟೇದಾರರ (ಯಜಮಾನರ) ಹೆಸರಿನಲ್ಲಿ ಇರುತ್ತಿದ್ದದ್ದರಿಂದ ಒಬ್ಬರ ಹಿಂದೆ ಒಬ್ಬರು ಹಿರಿಯರ ಹೆಸರು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇದಕ್ಕೆಲ್ಲ ಮೊದಲು ಐನ್‌ಮನೆಗೆ (ಒಕ್ಕದ ಮೂಲ ಮನೆಗೆ) ಹೋಗಿ ವಯಸ್ಸಾದ ಅಜ್ಜಿಯನ್ನು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಲೈಬ್ರರಿ ನಾಳೆಯೂ ಇರುತ್ತೆ.